ಕ್ಯಾನ್ಸರ್ ಕೋಶದ ಡಿಎನ್‌ಎ ಹಾನಿಯನ್ನು ಅಳೆಯಲು ಯಾವ ಪರೀಕ್ಷೆ: ಕಾಮೆಟ್, ಗಾಮಾ-ಎಚ್2ಎಎಕ್ಸ್, ಮೈಕ್ರೋನ್ಯೂಕ್ಲಿಯಸ್

ಕ್ಯಾನ್ಸರ್ ಕೋಶಗಳ ಮೇಲೆ ಹೊಸ ಸಂಯುಕ್ತವೊಂದನ್ನೋ ಗಿಡಮೂಲಿಕೆಯ ಸಾರವನ್ನೋ ಪ್ರಯೋಗಿಸಿ, ಬದುಕಿರುವ ಕೋಶಗಳನ್ನು ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಕೋಶಗಳು ಸಾಯುತ್ತಿರುವುದು ಖಚಿತವಾದ ಮೇಲೆ, ಸಂಶೋಧಕರ ಮುಂದೆ ಬರುವ ಮೊದಲ ಪ್ರಶ್ನೆ ಆ ಸಾವಿಗೆ ಡಿಎನ್‌ಎ ಹಾನಿ ಕಾರಣವೇ ಎಂಬುದು. ನಮ್ಮ ವಿಶ್ವವಿದ್ಯಾಲಯಗಳ ಜೀವರಸಾಯನ ಮತ್ತು ಜೈವಿಕ ತಂತ್ರಜ್ಞಾನ ವಿಭಾಗಗಳಲ್ಲಿ ಎಂ.ಎಸ್ಸಿ. ಯೋಜನೆಯಿಂದ ಪಿಎಚ್.ಡಿ. ಪ್ರಬಂಧದವರೆಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ಉತ್ತರಕ್ಕಾಗಿ ಆರಿಸುವ ಪರೀಕ್ಷೆ ಬಹಳ ಸಲ ಫ್ರಿಜ್ಜಿನಲ್ಲಿ ಯಾವ ಪ್ರತಿಕಾಯ ಉಳಿದಿದೆ, ಪಕ್ಕದ ವಿಭಾಗದಲ್ಲಿ ಯಾವ ಯಂತ್ರವಿದೆ ಎಂಬುದರ ಮೇಲೆ ನಿರ್ಧಾರವಾಗಿಬಿಡುತ್ತದೆ. ಪರೀಕ್ಷೆಗಳು ಒಂದಕ್ಕೊಂದು ಬದಲಿಯೆಂದು ಭಾವಿಸಿದಾಗ ಮಾತ್ರ ಈ ರೀತಿ ಆರಿಸಲು ಸಾಧ್ಯ. ಅವು ಬದಲಿಗಳಲ್ಲ; ಪ್ರತಿಯೊಂದೂ ಹಾನಿಯ ಬೇರೆ ಬೇರೆ ಘಟ್ಟವನ್ನು, ಬೇರೆ ಬೇರೆ ಹೊತ್ತಿನಲ್ಲಿ ನೋಡುತ್ತದೆ.

ಹಾನಿಯ ಘಟ್ಟಗಳು

ಎಕ್ಸ್-ಕಿರಣ ಅಥವಾ ಗಾಮಾ ಕಿರಣದ 1 ಗ್ರೇ (ಹೀರಿಕೊಂಡ ವಿಕಿರಣದ ಮಾನ) ಪ್ರಮಾಣವು ಮಾನವನ ಒಂದು ಕೋಶದಲ್ಲಿ ಸುಮಾರು 1000 ಒಂಟಿ ಎಳೆಯ ಕಡಿತಗಳನ್ನೂ ಅಂದಾಜು 20ರಿಂದ 40 ಜೋಡಿ ಎಳೆಯ ಕಡಿತಗಳನ್ನೂ ಉಂಟುಮಾಡುತ್ತದೆ. ಒಂಟಿ ಕಡಿತಗಳ ಬಹುಪಾಲು ಒಂದು ಗಂಟೆಯೊಳಗೆ ದುರಸ್ತಿಯಾಗುತ್ತದೆ. ಜೋಡಿ ಕಡಿತಗಳಿಗೆ ಹೆಚ್ಚು ಹೊತ್ತು ಬೇಕು, ಕೆಲವು ಇಡೀ ದಿನ ಉಳಿಯುವುದೂ ಉಂಟು. ಇಷ್ಟರಲ್ಲಿ ಕೋಶವು ಕಡಿತವನ್ನು ಗುರುತಿಸಿ ಎಟಿಎಂ, ಎಟಿಆರ್, ಡಿಎನ್‌ಎ-ಪಿಕೆ ಎಂಬ ಕೈನೇಸ್‌ಗಳ (ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವ ಕಿಣ್ವಗಳ) ಮೂಲಕ ಸಂಕೇತ ಹೊರಡಿಸಿ, ಪಿ53 ಪ್ರೋಟೀನನ್ನು ಎಚ್ಚರಿಸಿ, ಕೋಶಚಕ್ರವನ್ನು ನಿಲ್ಲಿಸುತ್ತದೆ. ದುರಸ್ತಿ ತಪ್ಪಿದರೆ ಅಥವಾ ಅರೆಬರೆಯಾದರೆ ಅದರ ಫಲ ಮುಂದಿನ ವಿಭಜನೆಯಲ್ಲಿ ಮುರಿದ ವರ್ಣತಂತುವಾಗಿ ಕಾಣಿಸಿಕೊಳ್ಳುತ್ತದೆ.

ಕಡಿತ, ಸಂಕೇತ ಮತ್ತು ಪರಿಣಾಮ ಎಂಬ ಈ ಮೂರನ್ನು ಕ್ರಮವಾಗಿ ಕಾಮೆಟ್ ಪರೀಕ್ಷೆ, ಗಾಮಾ-ಎಚ್2ಎಎಕ್ಸ್ ಮತ್ತು ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಗಳು ತೋರಿಸುತ್ತವೆ. ಔಷಧ ಹಾಕಿದ 24 ಗಂಟೆಯ ನಂತರ ಕಾಮೆಟ್ ಬಾಲ (ತುಂಡಾದ ಡಿಎನ್‌ಎಯ ಹರಿವು) ಕಾಣದಿದ್ದರೆ ಹಾನಿಯೇ ಆಗಿಲ್ಲವೆಂದು ಬರೆಯುವುದು, 1 ಗಂಟೆಗೆ ಮೈಕ್ರೋನ್ಯೂಕ್ಲಿಯಸ್ (ವಿಭಜನೆಯ ನಂತರ ಪ್ರತ್ಯೇಕವಾಗಿ ಉಳಿಯುವ ಚಿಕ್ಕ ಕೇಂದ್ರ) ಸಿಗಲಿಲ್ಲವೆಂದು ಸಂಯುಕ್ತವನ್ನು ನಿರಪಾಯವೆನ್ನುವುದು, ಎರಡೂ ಹೊತ್ತು ಅರಿಯದ ಆಯ್ಕೆಯ ಫಲಗಳು. ಆದ್ದರಿಂದ ಪರೀಕ್ಷೆಯನ್ನು ಆರಿಸುವ ಮೊದಲು, ಯಾವ ಘಟ್ಟವನ್ನು ಎಷ್ಟು ಹೊತ್ತಿನ ನಂತರ ನೋಡಬೇಕಾಗಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಕಾಮೆಟ್ ಪರೀಕ್ಷೆ: ಕಡಿತವನ್ನೇ ನೋಡುವುದು

ಒಸ್ಟ್ಲಿಂಗ್ ಮತ್ತು ಯೊಹಾನ್ಸನ್ 1984ರಲ್ಲಿ ರೂಪಿಸಿದ ವಿಧಾನವನ್ನು ನರೇಂದ್ರ ಪಿ. ಸಿಂಗ್ ಮತ್ತು ಸಂಗಡಿಗರು 1988ರಲ್ಲಿ ಪಿಎಚ್ 13ಕ್ಕಿಂತ ಹೆಚ್ಚಿನ ಕ್ಷಾರದಲ್ಲಿ ನಡೆಸುವಂತೆ ಮಾರ್ಪಡಿಸಿದರು. ಇಂದು ಹೆಚ್ಚಿನ ಪ್ರಯೋಗಾಲಯಗಳು ಕಾಮೆಟ್ ಎನ್ನುವಾಗ ಹೇಳುತ್ತಿರುವುದು ಈ ಕ್ಷಾರೀಯ ರೂಪವನ್ನೇ. ಕೋಶಗಳನ್ನು ಕಡಿಮೆ ಉಷ್ಣತೆಯಲ್ಲಿ ಕರಗುವ ಅಗರೋಸ್‌ನಲ್ಲಿ ಬೆರೆಸಿ ಸ್ಲೈಡಿನ ಮೇಲೆ ಹಾಕಿ, ಲವಣ ಮತ್ತು ಡಿಟರ್ಜೆಂಟ್ ಇರುವ ದ್ರಾವಣದಲ್ಲಿ ಪೊರೆ ಮತ್ತು ಪ್ರೋಟೀನುಗಳನ್ನು ಕಳೆದು, ಕ್ಷಾರದಲ್ಲಿ ಎಳೆಗಳನ್ನು ಬಿಡಿಸಿ, ಸೆಂಟಿಮೀಟರಿಗೆ ಸುಮಾರು 1 ವೋಲ್ಟಿನಂತೆ ವಿದ್ಯುತ್ ಹರಿಸಿದಾಗ, ತುಂಡಾದ ಡಿಎನ್‌ಎ ಧನಾಗ್ರದ ಕಡೆಗೆ ಬಾಲವಾಗಿ ಹರಿಯುತ್ತದೆ.

ಇದರ ದೊಡ್ಡ ಗುಣವೆಂದರೆ ಇದು ಕೋಶದ ಪ್ರತಿಕ್ರಿಯೆಯನ್ನು ಅವಲಂಬಿಸಿಲ್ಲ. ಎಟಿಎಂ ಕೆಟ್ಟಿರುವ ಕೋಶವಾಗಲಿ, ಪಿ53 ಇಲ್ಲದ ಕೋಶವಾಗಲಿ, ಕಡಿತವಿದ್ದರೆ ಬಾಲ ಮೂಡಲೇಬೇಕು. ಪ್ರತಿಕಾಯ ಬೇಡವಾದ್ದರಿಂದ ಖರ್ಚು ಕಡಿಮೆ, ಕೆಲವೇ ಸಾವಿರ ಕೋಶಗಳು ಸಾಕು, ರಕ್ತದ ಬಿಳಿ ಕೋಶಗಳ ಮೇಲೂ ನಡೆಯುತ್ತದೆ. ಎಫ್‌ಪಿಜಿ ಕಿಣ್ವವನ್ನು ಸೇರಿಸಿದರೆ ಉತ್ಕರ್ಷಿತ ಗ್ವಾನಿನ್ ಇರುವ ಜಾಗಗಳೂ ಕಡಿತಗಳಾಗಿ ಬದಲಾಗಿ ಲೆಕ್ಕಕ್ಕೆ ಸಿಗುತ್ತವೆ. ಉತ್ಕರ್ಷಣ ಹಾನಿಯ ಅಧ್ಯಯನಕ್ಕೆ ಇಷ್ಟು ಅಗ್ಗದಲ್ಲಿ ಇಷ್ಟು ನಂಬಲರ್ಹವಾದ ಇನ್ನೊಂದು ದಾರಿ ನನಗೆ ಕಾಣುವುದಿಲ್ಲ.

ಕೊರತೆಗಳೂ ಅಷ್ಟೇ ಸ್ಪಷ್ಟ. ಕ್ಷಾರೀಯ ಕಾಮೆಟ್ ಒಂಟಿ ಕಡಿತ, ಜೋಡಿ ಕಡಿತ ಮತ್ತು ಕ್ಷಾರಕ್ಕೆ ಒಡೆಯುವ ದುರ್ಬಲ ಜಾಗಗಳನ್ನು ಬೇರೆಬೇರೆಯಾಗಿ ತೋರಿಸುವುದಿಲ್ಲ. ನ್ಯೂಕ್ಲಿಯೊಟೈಡ್ ತೆಗೆದು ದುರಸ್ತಿ ಮಾಡುವ ಪ್ರಕ್ರಿಯೆಯ ನಡುವೆ ಮೂಡುವ ತಾತ್ಕಾಲಿಕ ಕಡಿತಗಳೂ ಇದರಲ್ಲಿ ಸೇರಿಕೊಳ್ಳುತ್ತವೆ. ಇನ್ನೂ ಮುಖ್ಯವಾಗಿ, ಸಿಸ್ಪ್ಲಾಟಿನ್ ಅಥವಾ ಮೈಟೊಮೈಸಿನ್ ಸಿಯಂಥ ಔಷಧಗಳು ಎರಡು ಎಳೆಗಳನ್ನು ಒಂದಕ್ಕೊಂದು ಬಂಧಿಸುವುದರಿಂದ ಬಾಲ ಉದ್ದವಾಗುವ ಬದಲು ಗಿಡ್ಡವಾಗುತ್ತದೆ. ಇಂಥ ಔಷಧವನ್ನು ಪರೀಕ್ಷಿಸುವಾಗ ಔಷಧ ಹಾಕಿದ ಮತ್ತು ಹಾಕದ ಎರಡೂ ಗುಂಪುಗಳಿಗೆ ನಿಗದಿತ ಪ್ರಮಾಣದ ವಿಕಿರಣವನ್ನು ಅಥವಾ ಹೈಡ್ರೋಜನ್ ಪೆರಾಕ್ಸೈಡನ್ನು ಕೊಟ್ಟು, ಬಾಲ ಎಷ್ಟು ಕುಗ್ಗಿತು ಎಂಬುದನ್ನು ಅಳೆಯಬೇಕು. ಈ ಹೆಜ್ಜೆಯಿಲ್ಲದೆ ಸಿಸ್ಪ್ಲಾಟಿನ್‌ಗೆ ಕಾಮೆಟ್ ಮಾಡಿ ಹಾನಿಯಿಲ್ಲ ಎನ್ನುವುದು ಸತ್ಯಕ್ಕೆ ನೇರ ವಿರುದ್ಧವಾದ ತೀರ್ಮಾನ.

ಕೈಕೆಲಸದಲ್ಲಿ ಫಲಿತಾಂಶವನ್ನು ಕೆಡಿಸುವ ಸಂಗತಿಗಳು ಚಿಕ್ಕವು. ಕೋಶಗಳನ್ನು ತಟ್ಟೆಯಿಂದ ಬಿಡಿಸುವ ಟ್ರಿಪ್ಸಿನ್ ಕಿಣ್ವವನ್ನು ಹೆಚ್ಚು ಹೊತ್ತು ಇಟ್ಟರೆ, ಕೋಶಗಳನ್ನು ಪೈಪೆಟ್‌ನಲ್ಲಿ ಒರಟಾಗಿ ಮೇಲೆ ಕೆಳಗೆ ಎಳೆದರೆ, ಸ್ಲೈಡ್‌ಗಳನ್ನು ಟ್ಯೂಬ್‌ಲೈಟಿನ ಕೆಳಗೆ ತೆರೆದಿಟ್ಟರೆ, ಏನೂ ಹಾಕದ ಕಂಟ್ರೋಲ್ ಕೋಶಗಳಲ್ಲೂ ಬಾಲ ಮೂಡುತ್ತದೆ. ತೊಟ್ಟಿಯ ದ್ರಾವಣವನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡದೆ ವಿದ್ಯುತ್ ಹರಿಸಿದಾಗಲೂ ಹೀಗೆಯೇ. ಹಾನಿ ಖಂಡಿತ ಕಾಣಬೇಕಾದ ಧನಾತ್ಮಕ ಕಂಟ್ರೋಲಿಗೆ ಮಂಜುಗಡ್ಡೆಯ ಮೇಲೆ 5 ನಿಮಿಷ 50ರಿಂದ 100 ಮೈಕ್ರೋಮೋಲಾರ್ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಎಫ್‌ಪಿಜಿ ಬಳಸುವವರಿಗೆ ಪೊಟ್ಯಾಸಿಯಂ ಬ್ರೋಮೇಟ್ ಸೂಕ್ತ, ಏಕೆಂದರೆ ಅದು ಮುಖ್ಯವಾಗಿ ಗ್ವಾನಿನ್‌ನ ಉತ್ಕರ್ಷಣವನ್ನೇ ಉಂಟುಮಾಡುತ್ತದೆ.

ಗಾಮಾ-ಎಚ್2ಎಎಕ್ಸ್: ಕೋಶ ಕೊಡುವ ಸಂಕೇತ

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ವಿಲಿಯಂ ಬಾನರ್ ಅವರ ತಂಡ 1998ರಲ್ಲಿ ತೋರಿಸಿದಂತೆ, ಜೋಡಿ ಎಳೆಯ ಕಡಿತವಾದ ಕೆಲವೇ ನಿಮಿಷಗಳಲ್ಲಿ ಆ ಜಾಗದ ಸುತ್ತಲಿನ ಎಚ್2ಎಎಕ್ಸ್ ಹಿಸ್ಟೋನಿನ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಿನ) 139ನೆಯ ಸೆರೀನ್‌ಗೆ ಫಾಸ್ಫೇಟ್ ಸೇರುತ್ತದೆ. ಈ ಬದಲಾವಣೆ ಕಡಿತದ ಎರಡೂ ಬದಿಗೆ ಲಕ್ಷಾಂತರ ಬೇಸ್ ಜೋಡಿಗಳಷ್ಟು ದೂರ ಹಬ್ಬುವುದರಿಂದ, ಒಂದೇ ಒಂದು ಕಡಿತವೂ ಪ್ರತಿಕಾಯದ ಕೆಳಗೆ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಸೂಕ್ಷ್ಮತೆಯಲ್ಲಿ ಕಾಮೆಟ್ ಇದರ ಹತ್ತಿರವೂ ಬರುವುದಿಲ್ಲ. ವಿಕಿರಣದ ನಂತರ ಸುಮಾರು ಅರ್ಧ ಗಂಟೆಗೆ ಚುಕ್ಕೆಗಳು ಗರಿಷ್ಠಕ್ಕೆ ಏರಿ, ದುರಸ್ತಿ ನಡೆದಂತೆ ಇಳಿಯುತ್ತವೆ. ಹೀಗಾಗಿ 30 ನಿಮಿಷ, 4 ಗಂಟೆ, 24 ಗಂಟೆಗಳ ಎಣಿಕೆಯಿಂದ ದುರಸ್ತಿಯ ವೇಗವೂ ಗೊತ್ತಾಗುತ್ತದೆ.

ದುರಸ್ತಿಯನ್ನು ತಡೆಯುವ ಸಂಯುಕ್ತಗಳನ್ನು ಅಧ್ಯಯನ ಮಾಡುವವರಿಗೆ ಈ ಇಳಿಕೆಯ ರೇಖೆಯೇ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು 2012ರಲ್ಲಿ ಎಸ್‌ಸಿಆರ್7 ಎಂಬ ಸಂಯುಕ್ತವು ಮುರಿದ ತುದಿಗಳನ್ನು ಕೂಡಿಸುವ ಲೈಗೇಸ್ 4 ಕಿಣ್ವವನ್ನು ತಡೆಯುತ್ತದೆಂದು ವರದಿ ಮಾಡಿತು. ಅದು ಆ ಒಂದೇ ಕಿಣ್ವದ ಮೇಲೆ ಕೆಲಸ ಮಾಡುತ್ತದೆಯೇ ಎಂಬುದನ್ನು 2016ರಲ್ಲಿ ಬೇರೊಂದು ತಂಡ ಪ್ರಶ್ನಿಸಿತು. ಇಂಥ ವಾದ ಎದ್ದಾಗ ಒಂದು ಹೊತ್ತಿನ ಒಂದು ಚಿತ್ರ ಯಾರ ಪರವಾಗಿಯೂ ಸಾಕ್ಷಿ ಹೇಳಲಾರದು. ಹೊಸ ಕಡಿತಗಳು ಹುಟ್ಟುತ್ತಿವೆಯೇ, ಹಳೆಯವು ಮಾಯದೆ ಉಳಿದಿವೆಯೇ ಎಂಬುದು ಹಲವು ಹೊತ್ತಿನ ಎಣಿಕೆಯಿಂದ ಮಾತ್ರ ತಿಳಿಯುತ್ತದೆ.

ಗಾಮಾ-ಎಚ್2ಎಎಕ್ಸ್ ಎಂದರೆ ಜೋಡಿ ಕಡಿತ ಎಂದು ಸಮೀಕರಿಸಿ ಬರೆಯುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಡಿಎನ್‌ಎ ನಕಲು ನಡೆಯುವ ಎಸ್ ಹಂತದಲ್ಲಿ ನಕಲಿನ ಕವಲು ತಡೆದು ನಿಂತಾಗ, ಕಡಿತವಿಲ್ಲದಿದ್ದರೂ, ಎಟಿಆರ್ ಇದೇ ಗುರುತನ್ನು ಹಾಕುತ್ತದೆ. ಹೈಡ್ರಾಕ್ಸಿಯೂರಿಯಾ ಕೊಟ್ಟ ಕೋಶಗಳಲ್ಲಿ ಕಾಣುವುದು ಬಹುಪಾಲು ಇದೇ. ಎರಡು ಉಪಾಯಗಳಿವೆ. ಒಂದು, ಜೋಡಿ ಕಡಿತದ ಜಾಗಕ್ಕೆ ಬಂದು ಸೇರುವ 53ಬಿಪಿ1 ಪ್ರೋಟೀನಿಗೂ ಪ್ರತಿಕಾಯ ಹಾಕಿ ಎರಡೂ ಕೂಡಿದ ಚುಕ್ಕೆಗಳನ್ನು ಮಾತ್ರ ಎಣಿಸುವುದು. ಇನ್ನೊಂದು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಡಿಎನ್‌ಎಗೆ ಅಂಟುವ ಬಣ್ಣವಾದ ಪ್ರೊಪಿಡಿಯಂ ಅಯೊಡೈಡ್ ಜೊತೆಗೆ ಓಡಿಸಿ, ಸಂಕೇತ ಕೋಶಚಕ್ರದ ಯಾವ ಹಂತದಲ್ಲಿದೆ ಎಂದು ನೋಡುವುದು. ಹೆಚ್ಚಳವೆಲ್ಲ ಎಸ್ ಹಂತದಲ್ಲಿಯೇ ಇದ್ದರೆ ನಕಲಿನ ಒತ್ತಡವನ್ನು ಸಂಶಯಿಸಿ ಆ ಒತ್ತಡದಲ್ಲಿ ಗುರುತು ಪಡೆಯುವ ಆರ್‌ಪಿಎ ಮತ್ತು ಸಿಎಚ್‌ಕೆ1 ಪ್ರೋಟೀನುಗಳ ಫಾಸ್ಫೇಟ್ ರೂಪಗಳನ್ನೋ, ಸೌಕರ್ಯವಿದ್ದರೆ ನಕಲಿನ ಕವಲುಗಳ ಓಟವನ್ನೇ ನೋಡುವ ಡಿಎನ್‌ಎ ಫೈಬರ್ ಪರೀಕ್ಷೆಯನ್ನೋ ಮಾಡಬೇಕು.

ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವುದು), ಸೂಕ್ಷ್ಮದರ್ಶಕ, ಫ್ಲೋ ಸೈಟೋಮೀಟರ್ ಈ ಮೂರರಲ್ಲಿ ಯಾವುದು ಎಂಬ ಪ್ರಶ್ನೆಗೆ ನನ್ನ ಒಲವು ಸೂಕ್ಷ್ಮದರ್ಶಕದ ಕಡೆಗೆ. ಬ್ಲಾಟ್‌ನಲ್ಲಿ ಕಾಣುವ ಪಟ್ಟಿ ಎಲ್ಲ ಕೋಶಗಳಲ್ಲಿ ಸ್ವಲ್ಪ ಸ್ವಲ್ಪ ಹಾನಿಯಿಂದಲೂ ಬರಬಹುದು, ಸಾಯುತ್ತಿರುವ ಕೆಲವೇ ಕೋಶಗಳ ವಿಪರೀತ ಸಂಕೇತದಿಂದಲೂ ಬರಬಹುದು. ಆದರೂ ಬ್ಲಾಟ್ ಮಾಡಲೇಬೇಕಾದವರು ಒಂದು ವಿಷಯವನ್ನು ಗಮನಿಸಬೇಕು. ರಿಪಾ ಬಫರಿನಲ್ಲಿ ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜ್ ಮಾಡಿದಾಗ ಕ್ರೊಮ್ಯಾಟಿನ್‌ನ (ಡಿಎನ್‌ಎ ಮತ್ತು ಹಿಸ್ಟೋನುಗಳ ಕೂಟದ) ಹೆಚ್ಚಿನ ಪಾಲು ಅಂಟಂಟಾದ ಗಸಿಯಾಗಿ ಟ್ಯೂಬಿನ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಂಡರೆ ನಾವು ಹುಡುಕುತ್ತಿರುವ ಹಿಸ್ಟೋನನ್ನು ಗಸಿಯೊಂದಿಗೆ ಚೆಲ್ಲಿದಂತಾಗುತ್ತದೆ. ಕೋಶಗಳನ್ನು ನೇರವಾಗಿ ಲೋಡಿಂಗ್ ಬಫರಿನಲ್ಲಿ ಕುದಿಸಿ ಸೋನಿಕೇಟ್ ಮಾಡುವುದು ಅಥವಾ ಹಿಸ್ಟೋನುಗಳನ್ನು ಆಮ್ಲದಿಂದ ಬೇರ್ಪಡಿಸುವುದು ಸರಿಯಾದ ದಾರಿ. ಈ ಪ್ರೋಟೀನ್ ಸುಮಾರು 15 ಕಿಲೋಡಾಲ್ಟನ್‌ನಷ್ಟು ಚಿಕ್ಕದಾದ್ದರಿಂದ 15 ಪ್ರತಿಶತ ಜೆಲ್ ಮತ್ತು 0.2 ಮೈಕ್ರಾನ್ ರಂಧ್ರದ ಪೊರೆ ಬೇಕು.

ಮೈಕ್ರೋನ್ಯೂಕ್ಲಿಯಸ್: ವಿಭಜನೆಯ ನಂತರ ಉಳಿದ ಗುರುತು

ವಿಭಜನೆಯ ಹೊತ್ತಿನಲ್ಲಿ ಹಿಂದೆ ಉಳಿದ ವರ್ಣತಂತುವಿನ ತುಂಡೋ ಇಡೀ ವರ್ಣತಂತುವೋ ಮುಖ್ಯ ಕೋಶಕೇಂದ್ರಕ್ಕೆ ಸೇರದೆ ಪ್ರತ್ಯೇಕ ಚಿಕ್ಕ ಕೇಂದ್ರವಾಗಿ ನಿಲ್ಲುತ್ತದೆ. ಆಸ್ಟ್ರೇಲಿಯಾದ ಮೈಕೇಲ್ ಫೆನೆಕ್ ಮತ್ತು ಅಲೆಕ್ ಮೋರ್ಲಿ 1985ರಲ್ಲಿ ರೂಪಿಸಿದ ವಿಧಾನದಲ್ಲಿ ಸೈಟೋಕೆಲಾಸಿನ್ ಬಿ ಬಳಸಿ ಕೋಶದ್ರವ್ಯ ಎರಡಾಗುವುದನ್ನು ತಡೆಯುತ್ತಾರೆ. ಒಂದು ಸಲ ವಿಭಜನೆಗೆ ಹೊರಟ ಕೋಶಗಳು ಎರಡು ಕೇಂದ್ರಗಳೊಂದಿಗೆ ಎದ್ದು ಕಾಣುವುದರಿಂದ ಎಣಿಕೆಯನ್ನು ಅವುಗಳಿಗೆ ಸೀಮಿತಗೊಳಿಸಬಹುದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ 487ನೆಯ ಮಾರ್ಗಸೂಚಿ ಇದಕ್ಕೆ ಸಂಬಂಧಿಸಿದ್ದು, ಪ್ರತಿ ಪ್ರಮಾಣಕ್ಕೆ 2000 ಕೋಶಗಳನ್ನು ಎಣಿಸಲು ಹೇಳುತ್ತದೆ. ಪ್ರಾಣಿಗಳಲ್ಲಿ ನಡೆಸುವ ಕಾಮೆಟ್‌ಗೆ ಅದೇ ಸಂಘಟನೆಯ 489ನೆಯ ಮಾರ್ಗಸೂಚಿಯಿದೆ. ನಿಯಂತ್ರಕರ ಮುಂದೆ ಇಡಬೇಕಾದ ದತ್ತಾಂಶವಾದರೆ ಆಯ್ಕೆಯನ್ನು ಈ ಮಾರ್ಗಸೂಚಿಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ, ಗಾಮಾ-ಎಚ್2ಎಎಕ್ಸ್ ಆಗ ಪೂರಕ ಸಾಕ್ಷ್ಯ ಮಾತ್ರ.

ಪ್ಯಾಕ್ಲಿಟಾಕ್ಸೆಲ್, ವಿನ್‌ಕ್ರಿಸ್ಟಿನ್‌ನಂಥ ಔಷಧಗಳು ಡಿಎನ್‌ಎಯನ್ನು ನೇರವಾಗಿ ಕಡಿಯದೆ, ವಿಭಜನೆಯ ಕದಿರನ್ನು ಕೆಡಿಸಿ ಮೈಕ್ರೋನ್ಯೂಕ್ಲಿಯಸ್‌ಗಳನ್ನು ಉಂಟುಮಾಡುತ್ತವೆ. ಆದ್ದರಿಂದ ಮೈಕ್ರೋನ್ಯೂಕ್ಲಿಯಸ್ ಹೆಚ್ಚಿತು ಎಂಬುದಷ್ಟೇ ಡಿಎನ್‌ಎ ಕಡಿತಕ್ಕೆ ಪುರಾವೆಯಾಗದು. ವರ್ಣತಂತುವಿನ ನಡುಗಂಟಾದ ಸೆಂಟ್ರೋಮಿಯರನ್ನು ಗುರುತಿಸುವ ಪ್ರತಿಕಾಯ ಹಾಕಿದಾಗ ಒಳಗೆ ಚುಕ್ಕೆ ಕಂಡರೆ ಅಲ್ಲಿರುವುದು ಬಹುತೇಕ ಇಡೀ ವರ್ಣತಂತು, ಕಾಣದಿದ್ದರೆ ಮುರಿದ ತುಂಡು. ಕೋಶ ವಿಭಜಿಸದಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಸಂಯುಕ್ತವು ಕೋಶಚಕ್ರವನ್ನು ಪೂರ್ತಿ ನಿಲ್ಲಿಸುವಷ್ಟು ಪ್ರಬಲವಾಗಿದ್ದರೆ ಹಾನಿ ಎಷ್ಟಿದ್ದರೂ ಎಣಿಕೆ ಸೊನ್ನೆಯ ಹತ್ತಿರವೇ ಉಳಿಯುತ್ತದೆ. ಇನ್ನೊಂದೆಡೆ, ಮೈಕ್ರೋನ್ಯೂಕ್ಲಿಯಸ್‌ನ ಪೊರೆ ಒಡೆದಾಗ ಕೋಶದ್ರವ್ಯದಲ್ಲಿ ಡಿಎನ್‌ಎಯನ್ನು ಗುರುತಿಸುವ ಸಿಗ್ಯಾಸ್-ಸ್ಟಿಂಗ್ ಮಾರ್ಗ ಎಚ್ಚೆತ್ತು ಉರಿಯೂತದ ಸಂಕೇತ ಹೊರಡುವುದು 2017ರಲ್ಲಿ ಸ್ಪಷ್ಟವಾದ ಮೇಲೆ, ಕ್ಯಾನ್ಸರ್ ರೋಗನಿರೋಧದ ಅಧ್ಯಯನಗಳಲ್ಲಿ ಈ ಹಳೆಯ ಪರೀಕ್ಷೆಗೆ ಹೊಸ ಬೆಲೆ ಬಂದಿದೆ.

ಉತ್ಕರ್ಷಣ ಒತ್ತಡ: ಅಗ್ಗದ ಬಣ್ಣದ ಅಪಾಯ

ಡಿಎನ್‌ಎ ಹಾನಿಗೆ ಕಾರಣವನ್ನು ಹುಡುಕುವಾಗ ಬಹುತೇಕರು ಡಿಸಿಎಫ್‌ಎಚ್-ಡಿಎ ಎಂಬ ಬಣ್ಣವನ್ನು ಹಾಕಿ, ಹಸಿರು ಹೆಚ್ಚಿದರೆ ಕ್ರಿಯಾಶೀಲ ಆಮ್ಲಜನಕ ಹೆಚ್ಚಿತು ಎನ್ನುತ್ತಾರೆ. ಈ ಬಣ್ಣ ಹೈಡ್ರೋಜನ್ ಪೆರಾಕ್ಸೈಡಿನೊಂದಿಗೆ ನೇರವಾಗಿ ವರ್ತಿಸುವುದಿಲ್ಲ. ಕಬ್ಬಿಣದ ಅಯಾನುಗಳೋ ಪೆರಾಕ್ಸಿಡೇಸ್ ಕಿಣ್ವಗಳೋ ನಡುವೆ ಬೇಕು. ಬೆಳಕಿಗೆ ತಾನೇ ಉತ್ಕರ್ಷಿತವಾಗುತ್ತದೆ, ಮಧ್ಯದಲ್ಲಿ ತಾನೇ ಸೂಪರಾಕ್ಸೈಡನ್ನೂ ಹುಟ್ಟಿಸುತ್ತದೆ. ಇದನ್ನು ಏಕೈಕ ಸಾಕ್ಷ್ಯವಾಗಿ ಬಳಸಬಾರದೆಂದು ನಾನು ಬಲವಾಗಿ ಹೇಳುತ್ತೇನೆ.

ಗಿಡಮೂಲಿಕೆಯ ಸಾರಗಳೊಂದಿಗೆ ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಗಿಡಗಳಲ್ಲಿರುವ ಹಲವು ಪಾಲಿಫಿನಾಲ್‌ಗಳು ಕೋಶ ಬೆಳೆಸುವ ಡಿಎಂಇಎಂ ಮಾಧ್ಯಮದಲ್ಲಿ ಕೋಶಗಳೇ ಇಲ್ಲದಿದ್ದರೂ ಉತ್ಕರ್ಷಿತವಾಗಿ ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತವೆ. ಕೋಶ ಸತ್ತದ್ದು ಸಾರದ ಗುಣದಿಂದಲೋ ತಟ್ಟೆಯಲ್ಲಿ ಹುಟ್ಟಿದ ಪೆರಾಕ್ಸೈಡಿನಿಂದಲೋ ತಿಳಿಯಲು ಒಂದು ಗುಂಪಿಗೆ ಮಾಧ್ಯಮದಲ್ಲೇ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಕಿಣ್ವ ಸೇರಿಸಿ ನೋಡಬೇಕು. ಪರಿಣಾಮ ಮಾಯವಾದರೆ, ದೇಹದೊಳಗೆ ಅದು ಮರುಕಳಿಸುವ ಭರವಸೆ ಬಹಳ ಕಡಿಮೆ. ಅರಿಸಿನದ ಕರ್ಕ್ಯುಮಿನ್ ಸ್ವತಃ ಹಸಿರಾಗಿ ಹೊಳೆಯುವುದರಿಂದ ಡಿಸಿಎಫ್‌ನ ಓದಿನಲ್ಲಿ ಬೆರೆಯುತ್ತದೆ. ಕ್ಯಾನ್ಸರ್ ಔಷಧವಾದ ಡಾಕ್ಸೊರುಬಿಸಿನ್‌ನ ಕೆಂಪು-ಕಿತ್ತಳೆ ಹೊಳಪು ಪ್ರೊಪಿಡಿಯಂ ಅಯೊಡೈಡಿನ ಓದಿನಲ್ಲಿ ಬೆರೆಯುತ್ತದೆ. ಬಣ್ಣ ಹಾಕದೆ ಸಂಯುಕ್ತ ಮಾತ್ರ ಹಾಕಿದ ಕೋಶಗಳ ಒಂದು ಕಂಟ್ರೋಲ್ ಇದ್ದರೆ ಈ ಮೋಸ ಕೂಡಲೇ ಬಯಲಾಗುತ್ತದೆ.

ಉತ್ಕರ್ಷಣ ಡಿಎನ್‌ಎಗೆ ತಟ್ಟಿದೆಯೇ ಎಂಬುದೇ ಪ್ರಶ್ನೆಯಾದರೆ, ಎಫ್‌ಪಿಜಿ ಸೇರಿಸಿದ ಕಾಮೆಟ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ 8-ಆಕ್ಸೊ-ಗ್ವಾನಿನ್ (ಉತ್ಕರ್ಷಿತ ಗ್ವಾನಿನ್) ಅಳೆಯುವ ವಿಧಾನ ಎಂಬ ಎರಡು ಆಯ್ಕೆಗಳಿವೆ. ಎರಡನೆಯದು ಅಣುವನ್ನು ಖಚಿತವಾಗಿ ಗುರುತಿಸುತ್ತದೆ, ಆದರೆ ಡಿಎನ್‌ಎ ಬೇರ್ಪಡಿಸುವಾಗಲೇ ಗ್ವಾನಿನ್ ಉತ್ಕರ್ಷಿತವಾಗಿ ಸಂಖ್ಯೆ ಉಬ್ಬುವ ಅಪಾಯವಿದೆ. ಯುರೋಪಿನ ಪ್ರಯೋಗಾಲಯಗಳು ಎಸ್ಕಾಡ್ ಎಂಬ ಒಕ್ಕೂಟದಡಿ ಹೋಲಿಸಿ ನೋಡಿದಾಗ ಈ ಎರಡು ಬಗೆಯ ವಿಧಾನಗಳ ನಡುವೆ ದೊಡ್ಡ ಅಂತರ ಕಂಡುಬಂದದ್ದು ಈ ಕಾರಣಕ್ಕಾಗಿಯೇ.

ಸಾಯುತ್ತಿರುವ ಕೋಶ ಮತ್ತು ಹಾನಿಗೊಂಡ ಕೋಶ

ಯಾವ ಪರೀಕ್ಷೆಯನ್ನು ಆರಿಸಿದರೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಇದು. ಅಪಾಪ್ಟೋಸಿಸ್ ಎಂಬ ಯೋಜಿತ ಸಾವಿನಲ್ಲಿ ಕೋಶ ತನ್ನ ಡಿಎನ್‌ಎಯನ್ನು ತಾನೇ ತುಂಡರಿಸುತ್ತದೆ. ಆಗ ಕಾಮೆಟ್‌ನಲ್ಲಿ ತಲೆ ಬಹುತೇಕ ಕರಗಿ ಬಾಲವೇ ಮೋಡದಂತೆ ಹರಡಿಕೊಳ್ಳಬಹುದು, ಗಾಮಾ-ಎಚ್2ಎಎಕ್ಸ್ ಬಿಡಿ ಚುಕ್ಕೆಗಳ ಬದಲು ಇಡೀ ಕೇಂದ್ರವನ್ನೋ ಅದರ ಅಂಚಿನ ಉಂಗುರವನ್ನೋ ಬೆಳಗಿಸುತ್ತದೆ. 48 ಗಂಟೆ ಔಷಧ ಹಾಕಿ, ಅರ್ಧಕ್ಕರ್ಧ ಕೋಶ ಸತ್ತ ಮೇಲೆ ಡಿಎನ್‌ಎ ಹಾನಿ ಅಳೆದು, ಹಾನಿಯಿಂದ ಸಾವು ಬಂತು ಎಂದು ತೀರ್ಮಾನಿಸಿದರೆ ಕಾರಣ ಮತ್ತು ಪರಿಣಾಮ ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. ಕಾಮೆಟ್‌ಗೆ ಬದುಕಿರುವ ಕೋಶಗಳ ಪ್ರಮಾಣ 70ರಿಂದ 75 ಪ್ರತಿಶತಕ್ಕಿಂತ ಕೆಳಗಿಳಿಯದಂಥ ಔಷಧದ ಪ್ರಮಾಣಗಳನ್ನೇ ಬಳಸಬೇಕು, 1ರಿಂದ 4 ಗಂಟೆಯ ಮೊದಲ ಅಳತೆ ಇರಲೇಬೇಕು. ಜೊತೆಗೆ ಈ ಸಾವನ್ನು ನಡೆಸುವ ಕ್ಯಾಸ್ಪೇಸ್ ಕಿಣ್ವಗಳನ್ನು ತಡೆಯುವ ಝಡ್-ವ್ಯಾಡ್ ಹಾಕಿದ ಗುಂಪಿನಲ್ಲೂ ಸಂಕೇತ ಉಳಿದರೆ ಹಾನಿ ಸಾವಿಗಿಂತ ಮುಂಚೆ ಬಂತೆಂದು ಹೇಳುವುದಕ್ಕೆ ಆಧಾರ ಸಿಗುತ್ತದೆ.

ಕೋಶದ ಆಯ್ಕೆಯೂ ಇದರಲ್ಲಿ ಸೇರಿದೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳುವ ಸಾಮಾನ್ಯ ತಳಿಗಳಲ್ಲಿ ಹೀಲಾ ಕೋಶಗಳ ಪಿ53 ಪ್ರೋಟೀನನ್ನು ಪ್ಯಾಪಿಲೋಮಾ ವೈರಸ್ಸಿನ ಇ6 ಪ್ರೋಟೀನ್ ನಾಶಮಾಡುತ್ತಿರುತ್ತದೆ. ಪಿ53ರ ಪ್ರತಿಕ್ರಿಯೆಯನ್ನು ಹುಡುಕುವವರಿಗೆ ಎ549, ಎಚ್‌ಸಿಟಿ116 ಅಥವಾ ಎಂಸಿಎಫ್-7 ಸೂಕ್ತ. ಆದರೆ ಎಂಸಿಎಫ್-7ರಲ್ಲಿ ಕ್ಯಾಸ್ಪೇಸ್-3 ಇಲ್ಲದಿರುವುದರಿಂದ ಸಾಯುವಾಗಲೂ ಡಿಎನ್‌ಎ ಏಣಿಯಂಥ ಪಟ್ಟಿಗಳಾಗಿ ಸುಲಭವಾಗಿ ಒಡೆಯುವುದಿಲ್ಲ. ಆ ಏಣಿಯನ್ನು ಅದರಲ್ಲಿ ಹುಡುಕುತ್ತ ತಿಂಗಳುಗಟ್ಟಲೆ ಕಳೆಯುವುದು ವ್ಯರ್ಥ.

ಯಾವ ಸಂದರ್ಭಕ್ಕೆ ಯಾವುದು

ಪರಿಚಯವಿಲ್ಲದ ಸಂಯುಕ್ತಕ್ಕೆ, ಹಣ ಮತ್ತು ಸಮಯ ಎರಡೂ ಕಡಿಮೆಯಿರುವಾಗ, 1 ಮತ್ತು 4 ಗಂಟೆಗೆ ಕ್ಷಾರೀಯ ಕಾಮೆಟ್ ಹಾಗೂ ಒಂದೂವರೆಯಿಂದ ಎರಡು ಕೋಶಚಕ್ರಗಳ ನಂತರ ಮೈಕ್ರೋನ್ಯೂಕ್ಲಿಯಸ್ ಎಂಬ ಜೋಡಿಯನ್ನು ನಾನು ಆರಿಸುತ್ತೇನೆ. ಎರಡಕ್ಕೂ ಸಾಧಾರಣ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಸಾಕು, ಮತ್ತು ಹಾನಿಯ ಎರಡು ತುದಿಗಳು ಇವುಗಳಲ್ಲಿ ಸಿಗುತ್ತವೆ. ಎಟೊಪೊಸೈಡ್, ಬ್ಲಿಯೋಮೈಸಿನ್ ಅಥವಾ ವಿಕಿರಣದಂತೆ ಜೋಡಿ ಕಡಿತವೇ ಮುಖ್ಯವಾದಲ್ಲಿ 53ಬಿಪಿ1 ಜೊತೆಗಿನ ಗಾಮಾ-ಎಚ್2ಎಎಕ್ಸ್ ಎಣಿಕೆಗೆ ಸಾಟಿಯಿಲ್ಲ. 2014ರಲ್ಲಿ ದುರಸ್ತಿಯ ಜೀನ್ ಆದ ಬಿಆರ್‌ಸಿಎಯಲ್ಲಿ ದೋಷವಿರುವ ಅಂಡಾಶಯದ ಕ್ಯಾನ್ಸರಿಗೆ ಮಾನ್ಯತೆ ಪಡೆದ ಒಲಾಪರಿಬ್‌ನಂಥ, ಪಾರ್ಪ್ ಎಂಬ ದುರಸ್ತಿ ಕಿಣ್ವವನ್ನು ತಡೆಯುವ ಔಷಧಗಳಿಗೆ ಕೇಳಬೇಕಾದದ್ದು ದುರಸ್ತಿಯ ಸಾಮರ್ಥ್ಯ ಎಷ್ಟಿದೆ ಎಂದು. ಅದಕ್ಕೆ ದುರಸ್ತಿ ಪ್ರೋಟೀನಾದ ಆರ್‌ಎಡಿ51ರ ಚುಕ್ಕೆಗಳನ್ನು ಎಣಿಸಬೇಕು. ಅವು ಎಸ್ ಮತ್ತು ಜಿ2 ಹಂತಗಳಲ್ಲಿ ಮಾತ್ರ ಮೂಡುವುದರಿಂದ ಜೆಮಿನಿನ್ ಪ್ರತಿಕಾಯವನ್ನೂ ಸೇರಿಸಿ ಆ ಹಂತದ ಕೋಶಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೋಡಿ ಕಡಿತಗಳನ್ನು ಭೌತಿಕವಾಗಿ ಬೇರ್ಪಡಿಸುವ ಪಲ್ಸ್ಡ್ ಫೀಲ್ಡ್ ಜೆಲ್ ವಿಶ್ವಾಸಾರ್ಹವೇ ಆದರೂ ಅದಕ್ಕೆ ಬೇಕಾಗುವ ಹಾನಿ ಚಿಕಿತ್ಸೆಯ ಪ್ರಮಾಣಗಳಿಗಿಂತ ಬಹಳ ಹೆಚ್ಚು.

ಕಾಮೆಟ್ ಮತ್ತು ಗಾಮಾ-ಎಚ್2ಎಎಕ್ಸ್ ಎರಡರ ಉತ್ತರ ಹೊಂದದಿದ್ದರೆ ಒಂದನ್ನು ಕೈಬಿಡುವ ಅಗತ್ಯವಿಲ್ಲ. ಬಾಲವಿದ್ದು ಚುಕ್ಕೆಯಿಲ್ಲದಿದ್ದರೆ ಒಂಟಿ ಕಡಿತವನ್ನು ಅಥವಾ ಕೆಟ್ಟ ಸಂಕೇತ ಮಾರ್ಗವನ್ನು, ಚುಕ್ಕೆಯಿದ್ದು ಬಾಲವಿಲ್ಲದಿದ್ದರೆ ನಕಲಿನ ಒತ್ತಡವನ್ನು, ಎಳೆಗಳ ಬಂಧವನ್ನು ಅಥವಾ ಕಾಮೆಟ್‌ಗೆ ಎಟುಕದಷ್ಟು ಕಡಿಮೆ ಸಂಖ್ಯೆಯ ಜೋಡಿ ಕಡಿತಗಳನ್ನು ಸಂಶಯಿಸಿ ಮುಂದಿನ ಪ್ರಯೋಗವನ್ನು ಹೂಡಬಹುದು.

ಎಣಿಸುವವರಿಗೆ ಯಾವ ಸ್ಲೈಡ್ ಯಾವ ಗುಂಪಿನದೆಂದು ತಿಳಿಯದಂತೆ ಬೇರೊಬ್ಬರು ಸಂಕೇತಸಂಖ್ಯೆ ಹಾಕಿರಬೇಕು. ಪ್ರತಿ ಮಾದರಿಗೆ 150 ಕಾಮೆಟ್‌ಗಳನ್ನು ಎಣಿಸಿ ಬಾಲದಲ್ಲಿರುವ ಡಿಎನ್‌ಎಯ ಪ್ರತಿಶತವನ್ನು ವರದಿ ಮಾಡುವುದು ಉತ್ತಮ. ಮೂರು ಸ್ವತಂತ್ರ ಪ್ರಯೋಗಗಳ 450 ಕೋಶಗಳನ್ನು ಒಟ್ಟುಗೂಡಿಸಿ 450 ಸ್ವತಂತ್ರ ಮಾದರಿಗಳೆಂದು ಲೆಕ್ಕ ಹಾಕಿದರೆ ಅತ್ಯಲ್ಪ ವ್ಯತ್ಯಾಸವೂ ಮಹತ್ವದ್ದಾಗಿ ಕಾಣುತ್ತದೆ. ಪ್ರತಿ ಪ್ರಯೋಗದ ಮಧ್ಯಾಂಕವನ್ನು ಒಂದು ಬಿಂದುವಾಗಿ ಹಿಡಿದು, ಆ ಮೂರು ಬಿಂದುಗಳ ಮೇಲೆಯೇ ಸಂಖ್ಯಾಶಾಸ್ತ್ರೀಯ ಪರೀಕ್ಷೆ ನಡೆಸಬೇಕು.